ಬಾಣ ನೋಡದೆ ತಿದ್ದಿದ ಚಿಹ್ನೆಗಳು

೧೯೫೭ರ ಫೆಬ್ರವರಿ, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಸ್ಥಳ ಸೊಲ್ಲಾಪುರದ ಒಂದು ಸಣ್ಣ ಅಚ್ಚುಕೂಟ. ಇದ್ದವರು ಮೂವರು: ಅಚ್ಚುಕೂಟದ ಮಾಲಕರು, ಅಕ್ಷರ ಜೋಡಿಸುವ ಕಂಪೋಜಿಟರ್, ನಾನು. ಹೈಸ್ಕೂಲಿನ ಗಣಿತದ ಮಾಸ್ತರಿಕೆಯಿಂದ ನಾನು ನಿವೃತ್ತನಾಗಿ ಎಂಟು ತಿಂಗಳಾಗಿತ್ತು. ಯಾವ ಕೆಲಸಕ್ಕೆ ಹೋದರೂ ಮೊದಲು ತಾರೀಖು, ವೇಳೆ, ಹಾಜರಿದ್ದವರನ್ನು ದಿನಚರಿಯಲ್ಲಿ ಬರೆದುಕೊಳ್ಳುವುದು ನನ್ನ ರೂಢಿ. ಆ ದಿನಚರಿ ಈಗಲೂ ನನ್ನ ಮುಂದಿದೆ.

ಅಂದು ಕಂಪೋಜಿಟರ್, ನಾನು ಅಚ್ಚು ಹಾಕಿಸುತ್ತಿದ್ದ ಗಣಿತದ ಪುಸ್ತಕದ ಚಿತ್ರಗಳ ಕರಡು ತೆಗೆದು ನನ್ನ ಕೈಗೆ ಕೊಟ್ಟ. ಏಳು ಚಿತ್ರಗಳು, ಏಳನ್ನೂ ಅವನೇ ಶೀಸಂ ಕಟ್ಟಿಗೆಯ ಮೇಲೆ ಕೆತ್ತಿದ್ದ. ಒಂದೊಂದರಲ್ಲೂ ಒಂದು ಗೂಟ, ಗೂಟದ ಸುತ್ತ ಒಂದು ದಾರಿ, ಆ ದಾರಿಯ ಮೇಲೆ ಒಂದು ಬಾಣ. ನೋಡಿದ ಕೂಡಲೇ ನನಗೆ ಸಿಟ್ಟು ಬಂತು.

“ಏನಪಾ, ಕನ್ನಡಿ ಹಿಡಿಯೂದು ಮರತಿಯೇನು? ಏಳೂ ಬಾಣ ಉಲ್ಟಾ ಬಂದಾವ.”

ಅಚ್ಚಿನ ಕಟ್ಟಿಗೆಯ ಮೇಲೆ ಚಿತ್ರವನ್ನು ಎಡಬಲ ಅದಲುಬದಲು ಮಾಡಿ ಕೆತ್ತಬೇಕು, ಆಗಲೇ ಕಾಗದದ ಮೇಲೆ ಸರಿಯಾಗಿ ಮೂಡುತ್ತದೆ. ಅವನು ಅದನ್ನು ಮರೆತಿದ್ದಾನೆಂದು ನಾನು ತಿಳಿದೆ.

“ಮರೆಯೂದು ಹ್ಯಾಂಗ್ರಿ ಮಾಸ್ತರ,” ಅಂದ ಅವನು, ಕೈಯ ಮಸಿ ಒರೆಸಿಕೊಳ್ಳುತ್ತ. “ಇಪ್ಪತ್ತು ವರ್ಷ ಆತು, ನಾ ಕನ್ನಡ ಉಲ್ಟಾನ ಓದಾಕತ್ತೀನಿ. ಸುಲ್ಟಾ ಓದಾಕ ಕೊಟ್ಟರ ಮುಗ್ಗರಸ್ತೀನಿ. ಚಿತ್ರದಾಗ ‘ಗೂಟ’ ಅಂತ ಅಕ್ಷರ ಅದಾವ ನೋಡ್ರಿ, ಅವು ನೆಟ್ಟಗ ಬಂದಾವಿಲ್ಲೋ? ಅಕ್ಷರ ನೆಟ್ಟಗ ಬಂದು ಬಾಣ ಒಂದ ಉಲ್ಟಾ ಹ್ಯಾಂಗ ಆಗ್ತದ? ಮೂಲ ತಗದು ನೋಡ್ರಿ.”

ಮೂಲ ತೆಗೆದು ನೋಡಿದೆ. ಏಳು ಚಿತ್ರಗಳಲ್ಲೂ ಬಾಣ ಗಡಿಯಾರದ ಮುಳ್ಳಿನ ಜೊತೆಗೇ ತಿರುಗಿತ್ತು. ಪುಸ್ತಕ ಬರೆದ, ಈಗ ಇಲ್ಲದ ನನ್ನ ಗೆಳೆಯನ ಕೈ, ಅವನದೇ ಶಾಯಿ. ನಾಲ್ಕು ತಿಂಗಳು ಆ ಚಿತ್ರಗಳು ನನ್ನ ಪೆಟ್ಟಿಗೆಯಲ್ಲೇ ಇದ್ದವು, ಆಮೇಲೆ ಲಕೋಟೆ ಬಿಚ್ಚದೆಯೇ ಕಂಪೋಜಿಟರನಿಗೆ ಕೊಟ್ಟಿದ್ದೆ. ನಾನು ಅವನ್ನು ಅಂದು ಮೊದಲ ಸಲ ನೋಡುತ್ತಿದ್ದೆ.

ಇಲ್ಲಿ ಪುಸ್ತಕದ ವಿಷಯ ಹೇಳಬೇಕು.

ಗೆಳೆಯ ಅಕ್ಕಲಕೋಟದ ಶಾಲೆಯೊಂದರಲ್ಲಿ ನನ್ನ ಹಾಗೆಯೇ ಗಣಿತದ ಮಾಸ್ತರ, ನನಗಿಂತ ಆರು ವರ್ಷ ಚಿಕ್ಕವನು. ಬರೆಯುತ್ತಿದ್ದ ಕಾಲದಲ್ಲೇ ಟೈಫಾಯ್ಡ್ ಆಗಿ ತೀರಿಕೊಂಡ. ಅವನ ಹೆಂಡತಿ ಒಂದು ದಿನ ಬಟ್ಟೆಯ ಚೀಲದಲ್ಲಿ ಹಸ್ತಪ್ರತಿ ತಂದು ನನ್ನ ಮನೆಯಲ್ಲಿಟ್ಟರು. ಮೇಲೆ ಅವನದೇ ಅಕ್ಷರದ ಚೀಟಿ: “ಸೊಲ್ಲಾಪುರದ ಮಾಸ್ತರರಿಗೆ ಕೊಡುವುದು.” ಕಾಲೇಜಿನಲ್ಲಿ ಸಂಮಿಶ್ರ ವಿಶ್ಲೇಷಣೆ ಎಂದು ಕಲಿಸುವ ಗಣಿತವನ್ನು, ಕಾಲೇಜಿನ ಮೆಟ್ಟಿಲು ಹತ್ತದವರಿಗಾಗಿ ನಲವತ್ತು ಪುಟಗಳಲ್ಲಿ ಹೇಳುವುದು ಅವನ ಉದ್ದೇಶ. ಅಂಥ ಪುಸ್ತಕ ನಮ್ಮ ಭಾಗದಲ್ಲಿ ನಾನು ಕಂಡಿರಲಿಲ್ಲ.

ಅವನ ದಾರಿ ಸರಳವಾಗಿತ್ತು. ಅಂಕಿಗಳನ್ನು ಒಂದು ನೇರ ರಸ್ತೆಯ ಮೇಲೆ ಮೈಲಿಗಲ್ಲಿನಂತೆ ನೆಡಿರಿ, ಎಂದು ಶುರು ಮಾಡಿದ್ದ. ಮೈನಸ್ ಒಂದರಿಂದ ಗುಣಿಸುವುದೆಂದರೆ ರಸ್ತೆಯಲ್ಲಿ ನಿಂತವನು ಪೂರ್ತಿ ಹಿಂದಕ್ಕೆ ಮುಖ ತಿರುಗಿಸುವುದು. ಎಡಕ್ಕೆ ಅರ್ಧವೇ ತಿರುಗಿ ನಿಂತರೆ ಮುಖ ಹೊಲದ ಕಡೆಗಾಗುತ್ತದೆ. ಆ ಅರ್ಧ ತಿರುವಿಗೆ ‘ಐ’ ಎಂದು ಹೆಸರು. ಎರಡು ಸಲ ಹಾಗೆ ತಿರುಗಿದರೆ ಹಿಂದಕ್ಕೆ ಮುಖ ಬರುತ್ತದೆ, ಅಂದರೆ ‘ಐ’ಯನ್ನು ‘ಐ’ಯಿಂದ ಗುಣಿಸಿದರೆ ಮೈನಸ್ ಒಂದು. ರಸ್ತೆ ಬಿಟ್ಟು ಹೊಲದೊಳಗೆಲ್ಲ ಅಂಕಿಗಳಿವೆ ಎಂದು ಇದರಿಂದ ಗೊತ್ತಾಗುತ್ತದೆ. ಅವೇ ಸಂಮಿಶ್ರ ಸಂಖ್ಯೆಗಳು.

ಆಮೇಲೆ ಆಡು ಬರುತ್ತದೆ. ಗೆಳೆಯನ ಹುಟ್ಟೂರು ಕರಜಗಿಯ ಕಡೆ, ಕುರಿ ಆಡು ನೋಡುತ್ತ ಬೆಳೆದವನು. ಹೊಲದ ನಡುವೆ ಒಂದು ಗೂಟ, ಗೂಟಕ್ಕೆ ಹಗ್ಗದಿಂದ ಕಟ್ಟಿದ ಆಡು. ಅದು ಎಲ್ಲೆಲ್ಲೋ ಮೇದು ಹೊರಟ ಜಾಗಕ್ಕೇ ಬಂದು ನಿಂತಿತು ಎನ್ನೋಣ. ಹತ್ತಿರ ನಡೆಯಿತೋ ದೂರ ನಡೆಯಿತೋ, ಡೊಂಕಾಗಿ ನಡೆಯಿತೋ, ಅದರ ಲೆಕ್ಕವೇ ಬೇಡ. ಗೂಟ ಅದರ ದಾರಿಯ ಒಳಗಿದ್ದರೆ ಹಗ್ಗ ಗೂಟಕ್ಕೆ ಒಂದು ಸುತ್ತು ಬಿದ್ದಿರುತ್ತದೆ, ಹೊರಗಿದ್ದರೆ ಬಿದ್ದಿರುವುದಿಲ್ಲ. ಗೂಟವನ್ನು ಸೊನ್ನೆಯೆಂದು ಹಿಡಿದು, ಆಡಿನ ಒಂದೊಂದು ಹೆಜ್ಜೆಯನ್ನೂ ಅದು ನಿಂತ ಜಾಗದ ಅಂಕಿಯಿಂದ ಭಾಗಿಸಿ ಕೂಡಿಸುತ್ತ ಹೋಗುವುದು ಲೆಕ್ಕ. ಗೂಟದ ಜಾಗದಲ್ಲಿ ಸೊನ್ನೆಯಿಂದ ಭಾಗಿಸಬೇಕಾಗುತ್ತದೆ, ಆದ್ದರಿಂದ ಅಲ್ಲಿ ಲೆಕ್ಕ ಮುರಿಯುತ್ತದೆ. ಆದರೆ ಅಲ್ಲಿಗೆ ಕಾಲಿಡಬೇಕಾಗಿಲ್ಲ. ದೂರದಿಂದ ಒಂದು ಸುತ್ತು ಬಂದರೂ ಒಳಗೆ ಏನಿದೆ ಎಂದು ಗೊತ್ತಾಗುತ್ತದೆ. ಈ ವಿದ್ಯೆಯ ಜೀವವೇ ಇದು, ಎಂದು ಅವನು ಬರೆದಿದ್ದ. ನಾನು ಎರಡು ವರ್ಷ ಕಾಲೇಜಿನಲ್ಲಿ ಇದನ್ನು ಕಲಿತಿದ್ದೆ, ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ.

ಒಂದು ಸುತ್ತಿಗೆ ಉತ್ತರ ಎರಡು ಪೈ ಐ. ಇದು ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತಿದರೆ. ಮುಳ್ಳಿನ ಜೊತೆ ಸುತ್ತಿದರೆ ಅದರ ಹಿಂದೆ ಮೈನಸ್ ಬರುತ್ತದೆ. ಕಾಲೇಜಿನ ಪುಸ್ತಕಗಳೆಲ್ಲ ಎದುರಾಗಿಯೇ ಸುತ್ತುತ್ತವೆ. ಗೆಳೆಯನ ಹಸ್ತಪ್ರತಿಯಲ್ಲಿ ಎಲ್ಲ ಕಡೆ ಮೈನಸ್ ಇತ್ತು.

ನನ್ನ ಕೆಲಸದ ಕ್ರಮ ಹೀಗೆ. ಮೊದಲು ಮಾತು, ಆಮೇಲೆ ಸೂತ್ರ, ಕೊನೆಗೆ ಚಿತ್ರ. ಚಿತ್ರಗಳನ್ನು ಬೇರೆ ಲಕೋಟೆಗೆ ಹಾಕಿ, ಎಲ್ಲವನ್ನೂ ಪುಸ್ತಕದ ಕೊನೆಯ ಎರಡು ಪುಟಗಳಲ್ಲಿ ಒಟ್ಟಿಗೆ ಕೊಡುವುದೆಂದು ನಿಶ್ಚಯಿಸಿದ್ದೆ. “ಚಿತ್ರದ ಬಾಣದಂತೆ ಒಂದು ಸುತ್ತು” ಎಂದು ಅವನು ಬರೆದ ಮಾತನ್ನು ಓದಿದೆ, ಕಾಗುಣಿತ ನೋಡಿದೆ, ಮುಂದೆ ಹೋದೆ. ಸೂತ್ರಗಳಿಗೆ ಬಂದಾಗ ಮೈನಸ್‌ಗಳನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ನನಗೆ ಅನುಮಾನವೇ ಬರಲಿಲ್ಲ, ಏಕೆಂದರೆ ಅದೇ ತಪ್ಪನ್ನು ನಾನು ಹಿಂದೆಯೂ ಒಮ್ಮೆ ಹಿಡಿದಿದ್ದೆ.

ಅದಕ್ಕೂ ಆರು ವರ್ಷ ಹಿಂದೆ ಸೊಲ್ಲಾಪುರದ ಒಂದು ವಾಚನಾಲಯದಲ್ಲಿ ಅವನ ಭಾಷಣವಿತ್ತು. ಗಿರಣಿಯವರು, ಅಂಗಡಿಯವರು, ಶಾಲೆಯ ಮಾಸ್ತರರು, ಸುಮಾರು ನಲವತ್ತು ಜನ. ಅವನು ಹಲಗೆಯ ಮೇಲೆ ಚಿತ್ರ ಬರೆದು ಹೇಳುತ್ತಿದ್ದ. ನಾನು ಮೊದಲ ಸಾಲಿನಲ್ಲಿ ಕೂತು ತಲೆ ತಗ್ಗಿಸಿ ಸೂತ್ರಗಳನ್ನಷ್ಟೇ ವಹಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಮೈನಸ್ ಎರಡು ಪೈ ಐ ಎಂದಾಗ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ, “ಚಿಹ್ನೆ ತಪ್ಪಾಗ್ಯಾದ” ಎಂದೆ. ಅವನು ನನ್ನ ಕಡೆ ನೋಡಿದ. ಹಲಗೆಯ ಕಡೆ ನೋಡಿದ. ಆಮೇಲೆ ಸೀಮೆಸುಣ್ಣದ ಖಡುವನ್ನು ಹಲಗೆಯ ಕೆಳಗಿನ ಪಟ್ಟಿಯ ಮೇಲಿಟ್ಟ. ಕೈ ಝಾಡಿಸಿಕೊಂಡು, “ಇಷ್ಟ ಸಾಕ್ರಿ ಇವತ್ತಿಗೆ” ಎಂದು ಕೂತುಬಿಟ್ಟ. ಆಮೇಲೆ ಅವನು ಎಲ್ಲಿಯೂ ಭಾಷಣ ಮಾಡಿದ್ದನ್ನು ನಾನು ಕೇಳಲಿಲ್ಲ.

ಮಂಗಳವಾರ ಅಚ್ಚುಕೂಟದಲ್ಲಿ ಕರಡನ್ನು ಹಿಡಿದು ನಿಂತಾಗ ಆ ಖಡು ಇಟ್ಟ ಸದ್ದು ನನಗೆ ಕೇಳಿತು. ಸಣ್ಣ ಸದ್ದು. ಅಂದಿನಿಂದ ಇಂದಿನವರೆಗೂ ಅದು ಹೇಳದೆ ಕೇಳದೆ ಬರುತ್ತದೆ, ಸ್ನಾನಕ್ಕೆ ನೀರು ತೋಡುವಾಗ, ಲಕೋಟೆಗೆ ಅಂಟು ಹಚ್ಚುವಾಗ.

ಆದರೂ ಒಂದು ಆಸೆ ಇತ್ತು. ಬಾಣವೂ ಅವನ ಕೈತಪ್ಪೇ ಇರಬಹುದು, ಏಳಕ್ಕೆ ಏಳೂ. ಹಳೆಯ ಟಿಪ್ಪಣಿ ನೋಡದೆ ನಿರ್ಣಯ ಮಾಡಬಾರದೆಂದು ಬುಧವಾರ ಬೆಳಗಿನ ಏಳೂವರೆಯ ಎಸ್‌ಟಿ ಬಸ್ಸಿಗೆ ಅಕ್ಕಲಕೋಟಕ್ಕೆ ಹೋದೆ.

ಗೆಳೆಯನ ಹೆಂಡತಿಯನ್ನು ನಾನು ವೈನಿ ಎನ್ನುತ್ತೇನೆ, ಅವರು ನನಗೆ ಭಾವಜಿ ಎನ್ನುತ್ತಾರೆ. ಅಂಗಳದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದರು.

“ಬರ್ರಿ ಭಾವಜಿ. ಪುಸ್ತಕ ಆತೇನ್ರಿ?”

“ಆಗಾಕತ್ತದ ವೈನಿ. ಒಂದು ಅನುಮಾನ ಬಂದದ. ಅವನ ಹಳೇ ವಹಿ ಅದಾವೇನು?”

“ನಾಕು ಅದಾವ. ಐದನೇದು ಇಲಿ ತಿಂದಾವ. ‘ಗಣಿತ ತಿಂದ ಇಲಿ, ಇನ್ನ ಜೋಳ ಲೆಕ್ಕಾ ಹಾಕಿ ತಿಂತದ ನೋಡು’ ಅಂತ ಅವರ ನಗತಿದ್ರು.”

ನಾಲ್ಕು ವಹಿಗಳನ್ನೂ ಪುಟ ಬಿಡದೆ ನೋಡಿದೆ. ಸುತ್ತು ಬಂದಲ್ಲೆಲ್ಲ ಬಾಣ ಮುಳ್ಳಿನ ಜೊತೆಗೇ ಇತ್ತು, ಉತ್ತರದಲ್ಲಿ ಮೈನಸ್ ಇತ್ತು. ಒಂದು ಕಡೆಯೂ ತಪ್ಪಿರಲಿಲ್ಲ. ನಾನು ಕೇಳಿದೆ:

“ವೈನಿ, ಬಾಣ ಹೀಂಗ ಯಾಕ ಹಾಕ್ಯಾನ ಅಂತ ನಿಮಗ ಏನರ ಹೇಳಿದ್ನೇನು?”

“ಮತ್ತ ಹ್ಯಾಂಗ ಹಾಕಬೇಕ್ರಿ?” ಎಂದರು. ಎದ್ದು ಒಳಗಿಂದ ದಾರದ ಉಂಡೆ ತಂದರು. ಒಂದು ತುದಿಯನ್ನು ತುಳಸಿಯ ಬುಡಕ್ಕೆ ಕಟ್ಟಿ, ಉಂಡೆ ಕೈಯಲ್ಲಿ ಹಿಡಿದು ಕಟ್ಟೆಯನ್ನು ಬಲಕ್ಕಿಟ್ಟುಕೊಂಡು ಒಂದು ಸುತ್ತು ಬಂದರು. ದಾರ ಬುಡಕ್ಕೆ ಸುತ್ತಿಕೊಂಡಿತು.

“ನಾ ನಾಕನೇ ಇಯತ್ತೆ ತನಾ ಸಾಲಿ ಕಲತಾಕಿ. ನಿನಗ ತಿಳದ್ರ ಊರಿಗೆಲ್ಲಾ ತಿಳೀತದ ಅಂತ ನನ್ನ ಸುತ್ತಸ್ತಿದ್ರು. ಪುಸ್ತಕದಾಗ ಆಡು ಅಂತ ಬರದಾರಲ್ರಿ, ಆ ಆಡು ನಾನ. ಒಮ್ಮೆ ಬೇಕಂತನ ಆ ಕಡಿಂದ ಹೊಂಟೆ. ‘ಹಂಗ ಸುತ್ತಿದ್ರ ಮೈನಸ್ ಹೋಗ್ತದ. ಆದರ ಯಾರ ಸುತ್ತತಾರ ಹಂಗ? ಬೀರೋಬಾನ ಗುಡಿ ಸುತ್ತ ಹಂಗ ಬಂದ್ರ ಜನ ಏನಂದಾರು’ ಅಂದ್ರು.”

ಅವನು ತನ್ನ ಓದುಗರನ್ನು ಅವರು ದಿನವೂ ಸುತ್ತುವ ದಿಕ್ಕಿನಲ್ಲೇ ಸುತ್ತಿಸಿದ್ದ. ಲೆಕ್ಕ ಅದಕ್ಕೆ ಹೊಂದಿತ್ತು. ಎದುರು ದಿಕ್ಕಿನ ವಿಷಯವನ್ನು ಬೇರೆಯಾಗಿ ಬರೆಯಬೇಕೆಂದು ಅವನಿಗೆ ಅನಿಸಿರಲಿಲ್ಲ. ಬಾಣ ಹಾಕಿದ್ದೇನಲ್ಲ, ಅಷ್ಟೇ ಸಾಕು ಎಂದುಕೊಂಡಿದ್ದ.

ನಾನು ವಾಚನಾಲಯದ ದಿನದ ಬಗ್ಗೆ ಕೇಳಿದೆ. ಕೇಳಬಾರದಿತ್ತೇನೋ. ವೈನಿ ದಾರವನ್ನು ಉಂಡೆಗೆ ಸುತ್ತುತ್ತ ಹೇಳಿದರು.

“ಅವತ್ತ ಸಂಜೀ ಬಸ್ಸಿಗೆ ಬಂದ್ರು. ಹ್ಯಾಂಗಾತು ಅಂದೆ. ‘ಅಂವ ಬಾಣ ನೋಡಲಿಲ್ಲ’ ಅಂದ್ರು. ಅಷ್ಟ. ಯಾರು ಅಂತ ನಾ ಕೇಳಲಿಲ್ಲ, ಅವರೂ ಹೇಳಲಿಲ್ಲ. ಭಾಷಣ ಸೊಲ್ಲಾಪುರದಾಗ ಇತ್ತಲ್ರಿ, ಮುಂದ ಚೀಟ್ಯಾಗ ‘ಸೊಲ್ಲಾಪುರದ ಮಾಸ್ತರ’ ಅಂತ ಓದಿದಾಗ ನೀವ ಅಂತ ತಿಳೀತು.”

“ತಿಳದ ಮ್ಯಾಲೂ ನನಗ ಯಾಕ ಕೊಟ್ರಿ ವೈನಿ?”

“ಕೊಡು ಅಂತ ಬರದಿದ್ರಲ್ರಿ.”

ಹೊರಟಾಗ ಅವರು ಬಾಗಿಲವರೆಗೆ ಬಂದು ಒಂದು ಮಾತು ಕೇಳಿದರು: “ಎಲ್ಲಾ ಅವರು ಬರದಂಗನ ಅಚ್ಚಾಗ್ಯಾದಲ್ರಿ?” “ಶುಕ್ರವಾರ ಬಂದು ನೋಡ್ರಿ” ಎಂದೆ. ಇದನ್ನೂ ದಿನಚರಿಯಲ್ಲಿ ಬರೆದಿದ್ದೇನೆ.

ಗುರುವಾರ ಹತ್ತು ಗಂಟೆಗೆ ಮತ್ತೆ ಅಚ್ಚುಕೂಟ, ಅದೇ ಮೂವರು. ಸ್ಥಿತಿ ಹೀಗಿತ್ತು. ಪುಸ್ತಕ ಎಂಟೆಂಟು ಪುಟಗಳ ಐದು ಫಾರ್ಮು. ಮೊದಲನೆಯ ಫಾರ್ಮು ಮುನ್ನೂರು ಹಾಳೆ ಅಚ್ಚಾಗಿ ಹಗ್ಗದ ಮೇಲೆ ಒಣಗಿ ಮುಗಿದಿತ್ತು. ಅದರಲ್ಲಿ ನಾನು ತಿದ್ದಿದ ಚಿಹ್ನೆ ಮೂರು. ಎರಡನೆಯದು, ಮೂರನೆಯದು ಜೋಡಣೆಯಾಗಿ ಚೌಕಟ್ಟು ಬಿಗಿಯುವ ಕಲ್ಲಿನ ಮೇಲೆ ನಿಂತಿದ್ದವು, ಅವುಗಳಲ್ಲಿ ಹನ್ನೊಂದು. ಉಳಿದವು ಇನ್ನೂ ಹಸ್ತಪ್ರತಿಯಲ್ಲೇ. ಮುನ್ನುಡಿಯ ಪುಟಕ್ಕೆ ಬೇರೆ ಹಾಳೆ, ಅದು ಎಲ್ಲದರ ಕೊನೆಗೆ. ಅಚ್ಚುಕೂಟದಲ್ಲಿ ಕನ್ನಡದ ಅಚ್ಚಿನ ಮೊಳೆ ಎರಡು ಫಾರ್ಮಿಗಾಗುವಷ್ಟೇ. ಲಗ್ನಪತ್ರಿಕೆಗಳ ಕಾಲ, ಶುಕ್ರವಾರ ಸಂಜೆಗೆ ಆ ಮೊಳೆ ಬಿಟ್ಟುಕೊಡಬೇಕು; ಉಳಿದ ಎರಡು ಫಾರ್ಮು ಆ ಪತ್ರಿಕೆಗಳಾದ ಮೇಲೆ.

ನಾನು ಇದ್ದದ್ದನ್ನು ಹೇಳಿದೆ. ಮಾಲಕರು ಮರಾಠಿಯವರು, ಕನ್ನಡ ಚೆನ್ನಾಗಿ ಆಡುತ್ತಾರೆ, ನಡುನಡುವೆ ಮರಾಠಿ ಬೆರೆಯುತ್ತದೆ.

“ಅಹೋ ಮಾಸ್ತರ, ಇದಕ್ಕ ಇಷ್ಟು ವಿಚಾರ ಕಶಾಲಾ, ಯಾಕ ಬೇಕು? ಬಾಣದ ಏಳು ತಲಿ ಕೆತ್ತಿ ತಗೀರಿ, ಆ ಕಡಿ ಹಚ್ರಿ. ಚಿಹ್ನೆ ಬರೋಬರಿ, ಬಾಣ ಬರೋಬರಿ. ಫಕ್ತ ಒಂದು ತಾಸಿನ ಕೆಲಸ.”

“ಆಡಿಗೂ ಏನೂ ಫರಕ ಆಗೂದಿಲ್ರಿ,” ಅಂದ ಕಂಪೋಜಿಟರ್. “ಅದು ಮೇಯೂದ ನೋಡ್ತದ.”

ಮಾಲಕರ ಮಾತು ತಪ್ಪಾಗಿರಲಿಲ್ಲ. ಬಾಣ ತಿರುಗಿಸಿದರೆ ಪುಸ್ತಕ ಗಣಿತಕ್ಕೆ ಸರಿ, ಕಾಲೇಜಿನ ಪುಸ್ತಕಗಳಿಗೂ ಸರಿ. ಮುಂದೆ ಓದುವ ಹುಡುಗರಿಗೆ ಗೊಂದಲವಿಲ್ಲ. ನಾನು ಯಾರಿಗೂ ಏನೂ ಹೇಳಬೇಕಾಗಿಲ್ಲ. ಇದನ್ನೆಲ್ಲ ಕಾಗದದ ಮೇಲೆ ಎಡಕ್ಕೆ ಅನುಕೂಲ, ಬಲಕ್ಕೆ ಅನಾನುಕೂಲ ಎಂದು ಬರೆದೆ. ಎಡಗಡೆಯ ಪಟ್ಟಿ ಉದ್ದವಾಯಿತು. ಗೋಡೆಯ ಗಡಿಯಾರ ನನ್ನ ಎದುರಿಗೇ ಇತ್ತು. ನಲವತ್ತು ವರ್ಷ ಗಡಿಯಾರ ನೋಡಿ ಬದುಕಿದವನು ನಾನು, ಮುಳ್ಳು ಯಾವ ಕಡೆ ಹೋಗುತ್ತದೆ ಎಂದು ಅಂದು ಮೊದಲ ಸಲ ಗಮನಿಸಿದೆ. ಅದು ಅವನ ಬಾಣದ ಜೊತೆ ಹೋಗುತ್ತಿತ್ತು. ಆಮೇಲೆ ಅದನ್ನು ನೋಡಲಾಗದೆ ಕುರ್ಚಿ ತಿರುಗಿಸಿಕೊಂಡು ಕೂತೆ.

ಹಾಗೆ ಕೂತಾಗ ಎದುರಿಗೆ ಸಿಕ್ಕಿದ್ದು ನನ್ನ ಮುನ್ನುಡಿಯ ಕರಡು. ಅದರ ಮೂರನೆಯ ವಾಕ್ಯ: “ಲೇಖಕರ ಕೈತಪ್ಪಿನಿಂದ ಉಳಿದಿದ್ದ ಕೆಲವು ಚಿಹ್ನೆಗಳನ್ನು ಸರಿಪಡಿಸಿದ್ದೇನೆ.” ನಾನು ಬರೆದಾಗ ಅದು ಸುಳ್ಳಾಗಿತ್ತು. ಬಾಣ ತಿರುಗಿಸಿದರೆ ಅದು ನಿಜವಾಗುತ್ತಿತ್ತು. ವಾಚನಾಲಯದಲ್ಲಿ ಎದ್ದು ನಿಂತು ಆಡಿದ ಮಾತೂ ಅದರ ಜೊತೆಗೆ ನಿಜವಾಗುತ್ತಿತ್ತು. ಅದನ್ನು ಅಲ್ಲ ಎನ್ನಲು ಅವನು ಇರಲಿಲ್ಲ.

ಪಟ್ಟಿಯ ಬಲಗಡೆ ಇನ್ನೇನನ್ನೂ ಬರೆಯಲಿಲ್ಲ. ಕಾಗದ ಮಡಚಿದೆ.

“ಬಾಣ ಹಂಗಽ ಇರಲಿ. ಮೈನಸ್ ಎಲ್ಲಾ ವಾಪಸ್ ಹಾಕಬೇಕು. ಮುನ್ನುಡಿ ಬ್ಯಾಡ, ಆ ಪುಟಕ್ಕ ಬ್ಯಾರೆ ಬರದು ಕೊಡ್ತೀನಿ.”

“ಅಚ್ಚಾದ ಮುನ್ನೂರು ಹಾಳಿ?”

“ಅವಕ್ಕ ಪೆನ್ನಿಲೆ.”

“ಪೆನ್ನಿನ ಮೈನಸ್,” ಅಂದರು ಮಾಲಕರು, ಕಂಪೋಜಿಟರ್ ಕಡೆ ನೋಡಿ. “ಚಾಂಗಲ. ಆದರ ನಾಳೆ ಸಂಜೀಮುಂದ ಮೊಳಿ ನನಗ ಬೇಕು, ನಕ್ಕಿ, ತಪ್ಪಬಾರದು.”

ಕೆಲಸ ಕೂಡಲೇ ಶುರುವಾಯಿತು. ಕಂಪೋಜಿಟರ್ ಬಳಿ ಮೈನಸ್ ಮೊಳೆ ನಾಲ್ಕೇ ಇದ್ದವು. ಗೆರೆ ಎಳೆಯುವ ಹಿತ್ತಾಳೆಯ ಪಟ್ಟಿಯನ್ನು ಕತ್ತರಿಸಿ ಅರದಿಂದ ಉಜ್ಜಿ ಏಳು ಹೊಸದು ಮಾಡಿದ. ಸಾಲಿನೊಳಗೆ ಒಂದು ಚಿಹ್ನೆ ಸೇರಿಸಿದರೆ ಸಾಲು ಉದ್ದವಾಗಿ ಚೌಕಟ್ಟಿಗೆ ಹಿಡಿಯುವುದಿಲ್ಲ, ಆದ್ದರಿಂದ ಪದಗಳ ನಡುವಿನ ದಪ್ಪ ಖಾಲಿ ಮೊಳೆ ತೆಗೆದು ತೆಳ್ಳಗಿನದು ಕೂಡಿಸಬೇಕು. ಒಂದು ಚಿಹ್ನೆಗೆ ಹತ್ತು ನಿಮಿಷ. ಎಂಟನೆಯದಕ್ಕೆ ಸಾಲು ಸಡಿಲವಾಗಿ ಅರ್ಧ ಪುಟದ ಅಕ್ಷರ ಜಾರಿ ಬಿತ್ತು. ಅವನು ಬೈದುಕೊಳ್ಳಲಿಲ್ಲ, ಮತ್ತೆ ಜೋಡಿಸಿದ. ನಾನು ಪಕ್ಕದಲ್ಲಿ ಕೂತು ಮುನ್ನುಡಿಯ ಜಾಗಕ್ಕೆ ಐದು ವಾಕ್ಯ ಬರೆದೆ:

“ಈ ಪುಸ್ತಕದಲ್ಲಿ ಸುತ್ತು ಎಂದರೆ ಗುಡಿಯನ್ನು ಬಲಕ್ಕಿಟ್ಟುಕೊಂಡು ನಾವು ಬರುವ ಸುತ್ತು. ಕಾಲೇಜಿನ ಪುಸ್ತಕಗಳು ಎದುರು ದಿಕ್ಕಿನಲ್ಲಿ ಸುತ್ತುತ್ತವೆ, ಆದ್ದರಿಂದ ಅಲ್ಲಿ ಮೈನಸ್ ಇರುವುದಿಲ್ಲ. ಎರಡೂ ಸರಿ. ಲೇಖಕರು ಇದನ್ನು ಸೊಲ್ಲಾಪುರದ ಸಭೆಯಲ್ಲಿ ಸರಿಯಾಗಿಯೇ ಹೇಳಿದ್ದರು. ಅಂದು ಎದ್ದು ತಪ್ಪೆಂದವನು ನಾನು, ನಾನು ಬಾಣ ನೋಡಿರಲಿಲ್ಲ.”

ಶುಕ್ರವಾರ ಹನ್ನೊಂದಕ್ಕೆ ವೈನಿ ಬಂದರು. ಎರಡು ಫಾರ್ಮುಗಳೂ ಸರಿಯಾಗಿ ಯಂತ್ರಕ್ಕೆ ಏರಿದ್ದವು. ನಾನು ಅವರ ಕೈಗೆ ಮೊದಲು ಆ ಐದು ವಾಕ್ಯದ ಕರಡು ಕೊಟ್ಟೆ. ಅವರು ಬೆರಳಿಟ್ಟು ನಿಧಾನ ಓದಿದರು. ಎರಡು ಸಲ ಓದಿದರು. ಆಮೇಲೆ ಮಡಚಿ ಮೇಜಿನ ಮೇಲಿಟ್ಟು, “ಹಾಳಿ ಎಲ್ಲಿ ಅದಾವ್ರಿ?” ಎಂದರು.

ಕಿಟಕಿಯ ಹತ್ತಿರ ಕೂತೆವು. ಮುನ್ನೂರು ಹಾಳೆ, ಹಾಳೆಗೆ ಮೂರು ಗೆರೆ. ಮೊದಲ ಹಾಳೆಯಲ್ಲೇ ನನ್ನ ಗೆರೆ ಉದ್ದವಾಗಿ ಪಕ್ಕದ ಅಂಕಿಗೆ ತಾಗಿತು. ಕಂಪೋಜಿಟರ್ ಬಂದು ನೋಡಿ, ರಟ್ಟಿನ ತುಂಡಿನಲ್ಲಿ ಮೈನಸ್‌ನಷ್ಟೇ ಅಗಲದ ಸೀಳು ಕೊರೆದುಕೊಟ್ಟ. “ಇದರಾಗ ಪೆನ್ ಆಡಸ್ರಿ ಮಾಸ್ತರ. ಇಲ್ಲಂದ್ರ ಸಿಟ್ಟಿಲೆ ಗೀಟ್ ಹೊಡದಂಗ ಕಾಣ್ತದ.” ಆಮೇಲೆ ಸರಿಹೋಯಿತು. ವೈನಿ ಚಿತ್ರಗಳ ಕರಡನ್ನು ತೊಡೆಯ ಮೇಲಿಟ್ಟುಕೊಂಡು, ಚಿಹ್ನೆ ಬರುವ ಜಾಗ ತೋರಿಸುವ ಮೊದಲು ಪ್ರತಿ ಸಲವೂ ಬಾಣದ ಮೇಲೆ ಬೆರಳಾಡಿಸಿ “ಬಲಕ್ಕ” ಎನ್ನುತ್ತಿದ್ದರು. ಹಾಗೆ ಮಾಡಬೇಕಾಗಿರಲಿಲ್ಲ. ಅದಾದ ಮೇಲೆಯೇ ನಾನು ಪೆನ್ನು ಊರುತ್ತಿದ್ದೆ.

ನೂರನೆಯ ಹಾಳೆಯಾದ ಮೇಲೆ ಊಟದ ಗಂಟು ಬಿಚ್ಚಿದರು, ಭಕ್ಕರಿ, ಶೇಂಗಾದ ಚಟ್ನಿ. ಅರ್ಧ ತಾಸು. ಮತ್ತೆ ಕೂತೆವು. ನನಗೆ ಅವನು ಒಮ್ಮೆಯೂ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಇತ್ತು. ಆಮೇಲೆ ನಾವು ಎಷ್ಟೋ ಸಲ ಭೇಟಿಯಾಗಿದ್ದೆವು, ಒಂದೇ ಬಸ್ಸಿನಲ್ಲಿ ಕೂತಿದ್ದೆವು, ಉತ್ತರಪತ್ರಿಕೆ ಜೊತೆಗೆ ತಿದ್ದಿದ್ದೆವು. ಒಂದು ಮಾತು ಸಾಕಿತ್ತು. ವೈನಿಗೂ ಅದು ಗೊತ್ತಿರಲಾರದೆಂದು ಕೇಳಲಿಲ್ಲ.

ಮುನ್ನೂರನೆಯ ಹಾಳೆ ಬಂದಾಗ ನಾನು ಪೆನ್ನು ಎತ್ತಿ ಹಿಡಿದು ಹೇಳಿದೆ:

“ವೈನಿ, ಅವತ್ತ ನಾ ತಲಿ ಎತ್ತಿ ಹಲಗಿ ನೋಡಲಿಲ್ಲ.”

“ಈಗ ನೋಡಿ ಹಾಕ್ರಿ,” ಎಂದರು. ಬಾಣದ ಮೇಲೆ ಬೆರಳಾಡಿಸಿದರು. “ಬಲಕ್ಕ.”

ಮೂರು ಗೆರೆ ಎಳೆದೆ. ಮೂರನೆಯದರ ಶಾಯಿ ಸ್ವಲ್ಪ ಹೆಚ್ಚಾಗಿ ನಿಂತಿತು. ಒರೆಸಲು ಹೋದ ನನ್ನ ಕೈಯನ್ನು ಅವರು ತಡೆದರು: “ಬ್ಯಾಡ್ರಿ ಭಾವಜಿ, ತಾನ ಒಣಗ್ತದ.”

ಐದು ಗಂಟೆ ನಲವತ್ತು ನಿಮಿಷಕ್ಕೆ ಕೊನೆಯ ಹಾಳೆಯನ್ನು ಹಗ್ಗದ ಮೇಲೆ ಹಾಕಿದೆ. ಮೊಳೆ ಮಾಲಕರಿಗೆ ಬಿಟ್ಟುಕೊಟ್ಟೆವು. ವೈನಿಗೆ ಆರು ಗಂಟೆಯ ಬಸ್ಸಿತ್ತು.